ನಿಮ್ಮ ಸಲುವಾಗಿ ಊಟ, ನಿಮಗಲ್ಲ

ಗೆಳೆಯರೇ, ಮಧ್ಯಾಹ್ನ ತಿಂದ ಹೋಳಿಗೆ ಇನ್ನೂ ನನ್ನ ಗಂಟಲಿನಿಂದ ಇಳಿದಿಲ್ಲ.

ಕಲಬುರಗಿಯ ಜಗತ್ ವೃತ್ತದ ಹತ್ತಿರದ ಸಭಾಭವನದಲ್ಲಿ ಇವತ್ತು ಔತಣವಿತ್ತು. ಟಿಕೆಟ್ಟಿನ ಹಣ ವಲಸೆ ಕಾರ್ಮಿಕರ ಮಕ್ಕಳ ಓದಿಗೆ ಮತ್ತು ಅವರ ಬಡಾವಣೆಯ ದವಾಖಾನೆಗೆ. ಬ್ಯಾನರಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದರು: 'ವಲಸೆ ಬಂದ ನೆರೆಹೊರೆಯವರಿಗಾಗಿ ಔತಣ.'

ಕಮಲಾಪುರದ ಬಸ್ ನಿಲ್ದಾಣದಲ್ಲೂ ಅದನ್ನೇ ಕಟ್ಟಿದ್ದರು. ಅದನ್ನು ನಂಬಿ ಸುಮಿತ್ರಾ ಬಂದೇಬಿಟ್ಟಳು. ಒಡಿಶಾದವಳು, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಾಳೆ, ಕಮಲಾಪುರದಲ್ಲಿ ನಮ್ಮ ಪಕ್ಕದ ಮನೆಯವಳು. ಮಕ್ಕಳಿಗೆ ಹಬ್ಬದ ಬಟ್ಟೆ ತೊಡಿಸಿದ್ದಳು. ಕೈಯಲ್ಲಿ ಕೆಂಪು ಬಾಳೆಹಣ್ಣು.

ಸಂಘಟಕರೊಬ್ಬರು ಬಾಗಿಲಿಗೆ ಅಡ್ಡ ನಿಂತರು. "ಟಿಕೆಟ್ ಎಲ್ಲಿ ಅದ?"

"ನಮಗೇ ಊಟ ಅಂತ ಬರ್ದಾರಲ್ರೀ!"

"ನಿಮ್ ಸಲುವಾಗಿ ಊಟ ಅದ ತಂಗಿ, ನಿಮಗಲ್ಲ. ಬಾ, ಬ್ಯಾನರ್ ಮುಂದ ನಿಂದ್ರು, ಒಂದು ಫೋಟೋ ತಗೀತೀವಿ."

ಒಳಗೆ ಊಟಕ್ಕೆ ಕೂತಿದ್ದ ನಾನು ತುತ್ತನ್ನು ಎಲೆಗೆ ಬಿಟ್ಟೆ. ಪಂಕ್ತಿಯ ನಡುವಿನಿಂದ ಎದ್ದು ಹೋಗುವಷ್ಟರಲ್ಲಿ ಫೋಟೋ ಮುಗಿದಿತ್ತು. ಸುಮಿತ್ರಾ ಹಣ್ಣುಗಳನ್ನು ಆ ಮಹಾಶಯರ ಕೈಗಿಟ್ಟಳು. ಉಣ್ಣುತ್ತಿದ್ದ ನಮ್ಮೆಲ್ಲರ ಕಡೆ ತಿರುಗಿ ಕೈಮುಗಿದಳು.

"ಊಟ ಸಾವಕಾಶ ಆಗ್ಲಿ ರೀ," ಅಂದಳು. ಹೊರಟೇಹೋದಳು.

ಆ ಮಾತು ಅವಳು ನಮ್ಮ ಮನೆಯಲ್ಲಿ ಕಲಿತದ್ದು. ನಮ್ಮ ಕಡೆ ಉಣ್ಣುವವರಿಗೆ ಹಾಗೆ ಹೇಳುವುದು ಊಟಕ್ಕೆ ಕರೆದ ಮನೆಯವರು.

ಈಗ ಸಂಘಟಕರ ವಾಟ್ಸಾಪ್ ಗ್ರೂಪಿನಲ್ಲಿ ಆ ಫೋಟೋ ಬಂದಿದೆ: 'ನಮ್ಮ ಅತಿಥಿಗಳೊಂದಿಗೆ.'

ಒಂದು ತಿದ್ದುಪಡಿ, ಸ್ವಾಮಿ. ಅತಿಥಿಗಳು ನಾವು. ಮನೆಯ ಯಜಮಾನಿ ಉಪವಾಸ ಬಸ್ ಹತ್ತಿದ್ದಾಳೆ.