ಮಧ್ಯಾಹ್ನ ಎರಡರ ಅಂಕಿ

ಹೊಸದುರ್ಗದ ನಮ್ಮ ಮನೆಯಲ್ಲಿ ಬೇಸಿಗೆ ಬಂದರೆ ಮೊದಲು ಫ್ಯಾನು ತಿರುಗುತ್ತಿದ್ದದ್ದು ನನಗಲ್ಲ, ನಾಲ್ಕು ಹಾರ್ಡ್ ಡಿಸ್ಕುಗಳಿಗೆ. ನಮ್ಮ ಯಜಮಾನರು ಮಾರುತೇಶ್ ದಿನಕ್ಕೆ ಮೂರು ಸಲ ಅವುಗಳ ಮೈಬಿಸಿ ನೋಡಲೇಬೇಕು ಎನ್ನುತ್ತಿದ್ದರು. ನನಗೆ ಜ್ವರ ಬಂದಾಗ "ಒಂದು ಮಾತ್ರೆ ತಗಂಡು ಮಲಕ್ಕ" ಎಂದವರು ತಿರುಗಿ ನೋಡದೆ ಸ್ಟುಡಿಯೊಗೆ ಹೋದ ಮನುಷ್ಯ. ಇದನ್ನು ಹೇಳಿ ಅವರನ್ನು ಎಷ್ಟೋ ಸಲ ರೇಗಿಸಿದ್ದೇನೆ. ಈಗ ರೇಗಿಸುವುದಿಲ್ಲ, ಈಗ ನಿಜವಾಗಿಯೂ ಸಿಟ್ಟಿದೆ. ಯಾಕೆ ಎಂದು ಹೇಳುತ್ತೇನೆ.

ಬಸ್ ಸ್ಟ್ಯಾಂಡಿನ ಹತ್ತಿರ ಅವರದು ಇಪ್ಪತ್ತೆರಡು ವರ್ಷದ ಫೋಟೊ ಸ್ಟುಡಿಯೊ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸುತ್ತಿನ ಹಳ್ಳಿಗಳಲ್ಲಿ ಅವರು ಕ್ಯಾಮೆರಾ ಹೊತ್ತು ಹೋಗದ ಮದುವೆ ಕಡಿಮೆ. ಆದರೆ ಜನ ಅವರನ್ನು ನೆನೆಯುವುದು ಸಾವಿನ ಮನೆಯಲ್ಲಿ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹನ್ನೊಂದನೇ ದಿನಕ್ಕೆ ಕಟ್ಟು ಹಾಕಿಸಿದ ಫೋಟೊ ಬೇಕು, ಹಾರ ಹಾಕಲು. ಹಳೆಯ ಜನ ಸ್ಟುಡಿಯೊ ಮೆಟ್ಟಿಲು ಹತ್ತಿದವರಲ್ಲ. ಆಗ ಮನೆಯವರು ಬಂದು ಇವರೆದುರು ಕೂತು ನೆನಪು ಮಾಡಿಕೊಳ್ಳುತ್ತಾರೆ. "ಜುಂಜಯ್ಯನ ಮಗಳ ಮದುವಿಗೆ ನಮ್ಮಪ್ಪ ಬಂದಿದ್ದ ನೋಡ್ರಿ, ಹಸಿರು ಶಾಲು ಹೊದ್ದಿದ್ದ." ಇವರು ಹುಡುಕುತ್ತಾರೆ. ಊಟದ ಪಂಕ್ತಿಯಲ್ಲಿ ಹಪ್ಪಳ ಮುರಿಯುತ್ತಾ ಕೂತ ಆ ಮನುಷ್ಯ ಸಿಗುತ್ತಾನೆ. ಹಪ್ಪಳ ಅಳಿಸಿ, ಪಕ್ಕದವರನ್ನು ಅಳಿಸಿ, ಹಿಂದೆ ನೀಲಿ ತುಂಬಿ ಕೊಟ್ಟರೆ ದೊಡ್ಡ ಮೀಸೆಯ ಮಗನೂ ಅಲ್ಲೇ ಅತ್ತುಬಿಡುತ್ತಾನೆ.

ಹಾಗಾಗಿ ಇವರು ಒಂದು ಫೋಟೊವನ್ನೂ ಎಸೆಯುವಂತಿರಲಿಲ್ಲ. ಸಿ.ಡಿ.ಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಎಲ್ಲವನ್ನೂ ಒಂದೇ ಕಡೆ ಇಡಲು ಮನೆಯಲ್ಲೇ ಒಂದು ಸರ್ವರ್, ಎಂದರೆ ನಾಲ್ಕು ಡಿಸ್ಕು ಕೂರುವ ಕಂಪ್ಯೂಟರ್ ಪೆಟ್ಟಿಗೆ, ಮಾಡಿಸಿದರು. ಮಾಡಿಕೊಟ್ಟವನು ಶಿವಕುಮಾರಪ್ಪ, ಚಿತ್ರದುರ್ಗದಲ್ಲಿ ಇವರ ಜೊತೆ ಓದಿದ ಗೆಳೆಯ. ಅಲ್ಲೇ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ, ಅಂಗಡಿ ಮುಂಗಟ್ಟುಗಳಿಗೆ ಸಿ.ಸಿ. ಕ್ಯಾಮೆರಾ ಕೂರಿಸುತ್ತಾನೆ. ಈಗ ಏಕವಚನದಲ್ಲಿ ಬರೆಯುತ್ತಿದ್ದೇನೆ. ಆಗ ಬಾಯಿ ತುಂಬ ಶಿವಣ್ಣ ಎನ್ನುತ್ತಿದ್ದೆ, ಬಂದಾಗಲೆಲ್ಲ ಬಿಸಿ ಮುದ್ದೆ ತಿರುವಿ ಬಡಿಸುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಆ ನಾಲ್ಕು ಡಿಸ್ಕುಗಳನ್ನು ಅವನೇ ತಂದ, ಹೊಳೆಯುವ ಹೊಸ ಕವರಿನಲ್ಲಿ. "ಲೇ ಮಾರುತಿ, ನಿನಗೇ ಅಂತ ತರಿಸೀನಿ ಕಣೋ. ನಾಲ್ಕರಾಗೆ ಒಂದು ಸತ್ರೆ ಉಳಿದ ಮೂರು ಸೇರಿ ಅದರಾಗಿದ್ದದ್ದು ಮತ್ತೆ ಕೊಡ್ತವೆ." ಹೊರಗೆ ಬೇರೆ ಒಂದು ನಕಲು ಇಡಬೇಕಲ್ಲವಾ ಎಂದು ಇವರು ಕೇಳಿದ್ದುಂಟು. "ನಾನು ಕೊಟ್ಟ ಮಾಲು ಇರಾವಾಗ ಅದೆಲ್ಲ ಯಾಕಪ್ಪ?" ಎಂದ. ಇವರು ಮತ್ತೆ ಕೇಳಲಿಲ್ಲ.

ಮನೆಯಲ್ಲಿ ಎಲ್ಲಕ್ಕಿಂತ ತಂಪು ಅಟ್ಟದ ಕೋಣೆ. ದಪ್ಪ ಮಣ್ಣಿನ ಗೋಡೆ, ಮೇಲೆ ಅಟ್ಟ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ತೆಂಗಿನಕಾಯಿ. ಸರ್ವರನ್ನು ಅಲ್ಲಿ ಅಲುಗಾಡದ ಕಲ್ಲಿನ ಕಟ್ಟೆಯ ಮೇಲೆ ಇಟ್ಟರು. ಆದರೆ ಆ ಗೋಡೆಯ ಆಚೆಗೇ ನನ್ನ ಬಚ್ಚಲ ಒಲೆ. ಅದರ ಹೊಗೆ ಅಟ್ಟಕ್ಕೇರಿ ಕಾಯಿ ಒಣಗುತ್ತಿತ್ತು. ಶಿವಕುಮಾರಪ್ಪ ಗೋಡೆಗೆ ಕೈಯಿಟ್ಟು ನೋಡಿ, "ಈ ಒಲೆ ತೆಗೀಬೇಕು ತಂಗಿ. ಡಿಸ್ಕಿನ ಬಿಸಿ ನಲವತ್ತು ದಾಟಬಾರ್ದು. ನಲವತ್ತೈದರ ಮ್ಯಾಲೆ ಹೋತು ಅಂದ್ರೆ ಅದರ ಆಯಸ್ಸು ಕಮ್ಮಿ ಆತು ಅಂತ್ಲೇ ತಿಳ್ಕ" ಎಂದ. ಅತ್ತೆಯ ಕಾಲದ ಒಲೆ ಒಡೆಸಿದೆ. ಅಂದಿನಿಂದ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ನೀರು ಕಾಯಿಸಿದೆ. ಹೊಗೆಯಿಲ್ಲದೆ ಆ ಮಳೆಗಾಲ ಅರ್ಧ ಅಟ್ಟದ ಕಾಯಿ ಕೊಳೆತುಹೋಯಿತು. ಕೊಳೆಯಲಿ ಎಂದೆ. ಯಾಕೆಂದರೆ ಆ ಪೆಟ್ಟಿಗೆಯೊಳಗೆ ನನ್ನ ಅಮ್ಮ ಇದ್ದಳು.

ಅಮ್ಮ ಮಲ್ಲಕ್ಕ, ಜವನಗೊಂಡನಹಳ್ಳಿಯವಳು. ಕುರಿ ಹಿಂದೆ ಅಲೆದು ಬೆಳೆದವಳು, ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ. ಒಮ್ಮೆ ಎಲ್ಲರೂ ಮಾರಿಕಣಿವೆ ಅಣೆಕಟ್ಟು ನೋಡಲು ಹೋದಾಗ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಯಾವುದಕ್ಕೋ ನಕ್ಕಳು. ಅಳಿಯ ಅದನ್ನೇ ಹಿಡಿದುಬಿಟ್ಟರು. ತೆಗೆದದ್ದನ್ನು ಕ್ಯಾಮೆರಾದಲ್ಲೇ ನೋಡಿ ಅಮ್ಮನಿಗೆ ಇಷ್ಟವಾಯಿತು. ಆದರೆ ದೊಡ್ಡದು ಮಾಡಿಸಿ ಕೊಡುತ್ತೇನೆ ಎಂದರೆ ಒಪ್ಪಲಿಲ್ಲ. "ಬದುಕಿರೋರ ಪಟ ಗ್ವಾಡಿಗೆ ಹಾಕಿದ್ರೆ ಹಾರ ಕಾಯ್ತಾ ಕುಂತಂಗೆ. ಒಳಗೇ ಇಟ್ಕಂಡಿರ್ರಿ ಅಳಿಯಂದ್ರೆ. ನಾನು ಹೋದ್ಮ್ಯಾಲೆ ತೆಗೀರಿ." ನಮ್ಮಲ್ಲಿ ಯಾರೂ ಈ ಮಾತು ಮೀರುವುದಿಲ್ಲ. ಒಂದು ಚಿಕ್ಕ ಪ್ರತಿಯನ್ನೂ ತೆಗೆಸಲಿಲ್ಲ, ಫೋನಿಗೂ ಹಾಕಿಕೊಳ್ಳಲಿಲ್ಲ. ಇಟ್ಟುಕೊಂಡಿರಿ ಎಂದಿದ್ದಳು, ಇಟ್ಟುಕೊಂಡೆವು.

ಬೆಳಗಿನ ಮತ್ತು ಸಂಜೆಯ ಬಿಸಿ ಅವರು ನೋಡುತ್ತಿದ್ದರು. ಮಧ್ಯಾಹ್ನ ಸ್ಟುಡಿಯೊದಲ್ಲಿ ಇರುತ್ತಿದ್ದರಿಂದ ಎರಡು ಗಂಟೆಯದು ನನ್ನ ಪಾಲು. ಪರದೆಯಲ್ಲಿ ನಾಲ್ಕು ಅಂಕಿ ಬರುತ್ತವೆ, ಅವನ್ನು ಉದ್ದ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಮೂವತ್ತೇಳು, ಮೂವತ್ತೆಂಟು, ಮೂವತ್ತೇಳು, ಮೂವತ್ತೊಂಬತ್ತು. ಹಿಟ್ಟಿನ ಕೈಯಲ್ಲಿ ಹೋಗಿ ಬರೆದಿದ್ದೇನೆ, ಮೈ ಹುಷಾರಿಲ್ಲದಾಗ ಗೋಡೆ ಹಿಡಿದು ಹೋಗಿ ಬರೆದಿದ್ದೇನೆ. ಸೋಮವಾರ ಸೋಮವಾರ ಫ್ಯಾನಿನ ಮುಂದಿನ ಜಾಲರಿ ಬಿಚ್ಚಿ ಧೂಳು ಕೊಡವುತ್ತಿದ್ದೆ. ಒಂದು ಏಪ್ರಿಲ್‌ನಲ್ಲಿ ಅಂಕಿ ನಲವತ್ತನಾಲ್ಕಕ್ಕೆ ಹೋಯಿತು. ವೀಳ್ಯದೆಲೆಯ ಪೆಂಡಿಗೆ ಹೊದಿಸುವ ಹಾಗೆ ಗೋಣಿಚೀಲ ನೆನೆಸಿ ಪೆಟ್ಟಿಗೆಗೇ ಹೊದಿಸಲು ಹೊರಟಿದ್ದೆ! ಫೋನಿನಲ್ಲಿ ಅವರು ಬೈದ ಬೈಗುಳಕ್ಕೆ ನಿಂತೆ. "ಲೇ, ಅದು ಉಸಿರು ಕಟ್ಟಿ ಸಾಯ್ತೈತೆ. ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಡು." ಇಟ್ಟೆ. ಸಂಜೆಗೆ ಮೂವತ್ತೆಂಟಕ್ಕೆ ಇಳಿಯಿತು. ನಲವತ್ತನಾಲ್ಕನ್ನು ಮುಚ್ಚಿಡದೆ ಬರೆದೆ, ತಾರೀಕು ಸಮೇತ.

ಕಳೆದ ಮೇ ತಿಂಗಳಲ್ಲಿ ಒಂದು ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತುಹೋಯಿತು. ಶಿವಕುಮಾರಪ್ಪ ಬದಲಿಗೆ ಇನ್ನೊಂದು ಕಳಿಸಿದ. ಅದನ್ನು ತುಂಬಿಸಲು ಉಳಿದ ಮೂರೂ ಬಿಡುವಿಲ್ಲದೆ ದುಡಿಯಬೇಕು. ದುಡಿಯುತ್ತಲೇ ಎರಡನೆಯದು ನಿಂತಿತು, ಮಾರನೆ ದಿನ ಮೂರನೆಯದು. ಇಪ್ಪತ್ತೆರಡು ವರ್ಷದ ಮುಖಗಳು ಎರಡು ದಿನದಲ್ಲಿ ಹೋದವು.

ಶಿವಕುಮಾರಪ್ಪ ಬಂದ. ಕೊರಳಿಗೆ ಯಾವಾಗಿನ ಹಾಗೆ ಕರ್ಚೀಫು ಸುತ್ತಿಕೊಂಡಿದ್ದ. ಪೆಟ್ಟಿಗೆ ಬಿಚ್ಚಿ, ಮೂಸಿ ನೋಡಿ, "ಬಿಸಿ ಹೊಡೆದೈತೆ ಮಾರುತಿ. ಒಳಗೆಲ್ಲ ಸುಟ್ಟೋಗೈತೆ. ಯಾರತ್ರ ತಗಂಡೋದ್ರೂ ಬರಂಗಿಲ್ಲ, ಸುಮ್ನೆ ಅಲೀಬ್ಯಾಡ" ಎಂದ. ಆಮೇಲೆ ನನ್ನ ಕಡೆ ತಿರುಗಿ ನಗುನಗುತ್ತಾ, "ಮಧ್ಯಾಹ್ನ ಫ್ಯಾನ್ ಆರಿಸಿ ನಿದ್ದೆ ಮಾಡ್ತಿದ್ಯೇನೋ ತಂಗಿ" ಎಂದ.

ಅವನ ಮಾತು ತಮಾಷೆ ಎಂದು ಬಿಡಬಹುದಿತ್ತು. ನಮ್ಮವರು ಬಿಡಲಿಲ್ಲ. ನೋಟ್‌ಬುಕ್ಕು ತಂದು ನನ್ನ ಅಂಕಿಗಳ ಮೇಲೆ ಬೆರಳಾಡಿಸಿ, ಅವನೆದುರಿಗೇ ಕೇಳಿದರು. "ಸುಮಿತ್ರಾ, ನಿಜ ಹೇಳು. ಹೋಗಿ ನೋಡಿ ಬರೀತಿದ್ಯಾ, ಇಲ್ಲ ಅಂದಾಜಿನ ಮ್ಯಾಲೆ ಬರೆದುಬಿಡ್ತಿದ್ಯಾ?"

ಇಪ್ಪತ್ತು ವರ್ಷ ಜೊತೆಗೆ ಉಂಡ ಮನುಷ್ಯ, ನನ್ನ ಅಮ್ಮನ ಮುಖವನ್ನೇ ನಾನು ಉದಾಸೀನ ಮಾಡಿ ಸುಟ್ಟೆ ಎಂದು ನಂಬಿದ್ದರು. ಶಿವಕುಮಾರಪ್ಪ ಉಂಡು, ಕೈ ತೊಳೆದು, ಇನ್ನಷ್ಟು ಮಜ್ಜಿಗೆ ಕೇಳಿ ಕುಡಿದು ಹೋದ. ನಾನು ನೋಟ್‌ಬುಕ್ಕನ್ನು ಅಟ್ಟಕ್ಕೆ ಎಸೆದೆ. ಆಮೇಲೆ ಎರಡು ತಿಂಗಳು ನಮ್ಮಿಬ್ಬರ ನಡುವೆ ಅಡುಗೆಯ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಜುಲೈನಲ್ಲಿ ಅಮ್ಮ ಹೋದಳು. ಬೆಳಗ್ಗೆ ಅಪ್ಪನ ಜೊತೆ ಕುರಿಹಟ್ಟಿಗೆ ಹೋಗಿ ಬಂದು ಜಗುಲಿಯ ಮೇಲೆ ಒರಗಿಕೊಂಡವಳು ಏಳಲಿಲ್ಲ. ಮೂರನೇ ದಿನ ತವರಿನಲ್ಲಿ ತಮ್ಮ ದುರ್ಗೇಶ್ ಏನೂ ತಿಳಿಯದೆ ಕೇಳಿದ. "ಭಾವ, ಮಾರಿಕಣಿವೇಲಿ ತೆಗೆದಿದ್ರಲ್ಲ ಅಮ್ಮನ ಫೋಟೊ, ಅದನ್ನೇ ದೊಡ್ಡದು ಮಾಡಿಸ್ರಿ." ಇವರು ನನ್ನ ಮುಖ ನೋಡಿದರು. ನಾನು ಎದ್ದು ಒಳಗೆ ಹೋದೆ. ಕಂಡವರ ಮನೆಯ ಸತ್ತವರಿಗೆಲ್ಲ ಮುಖ ಕೊಟ್ಟವರು ಸ್ವಂತ ಅತ್ತೆಗೆ ಏನು ಕೊಡುತ್ತಾರೆ?

ಅವತ್ತೇ ಹೊಸದುರ್ಗಕ್ಕೆ ಹೋಗಿ, ಡಿಸ್ಕುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ದಾವಣಗೆರೆಗೆ ಹೋದರು. ಅಲ್ಲಿ ಎತ್ತಪ್ಪ ಎಂಬವರು ಕೆಟ್ಟ ಡಿಸ್ಕುಗಳನ್ನು ಬಿಚ್ಚಿ ಉಳಿದದ್ದನ್ನು ತೆಗೆಯುತ್ತಾರೆ. ಐದು ದಿನ ಬಿಟ್ಟು ಒಂದು ಪೆನ್ ಡ್ರೈವ್ ಹಿಡಿದುಕೊಂಡು ಜವನಗೊಂಡನಹಳ್ಳಿಗೆ ಬಂದರು. ಎತ್ತಪ್ಪ ಹೇಳಿದ್ದನ್ನು ಜಗುಲಿಯಲ್ಲಿ ನನ್ನೆದುರು ಒಪ್ಪಿಸಿದರು. ಮೇಲಿನ ಲೇಬಲ್ ಹೊಸದು, ಅದರ ಕೆಳಗೆ ಹಳೆಯ ಲೇಬಲ್ ಇದೆ. ಎಷ್ಟು ಗಂಟೆ ಓಡಿದೆ ಎಂಬ ಲೆಕ್ಕ ಅಳಿಸಿದ್ದಾರೆ, ಆದರೆ ಒಳಗೆ ಇನ್ನೊಂದು ಕಡೆ ಅದು ಉಳಿದಿದೆ. ನಮ್ಮ ಮನೆಗೆ ಬರುವ ಮೊದಲೇ ಆ ಡಿಸ್ಕುಗಳು ವರ್ಷಗಟ್ಟಲೆ ಹಗಲಿರುಳು ದುಡಿದು ಸವೆದಿದ್ದವು. "ಬಿಸಿಗೆ ಹೋಗಿಲ್ಲ ಇವು, ಮುಪ್ಪಿಗೆ ಹೋಗ್ಯಾವೆ" ಎಂದರಂತೆ. ಲೆಕ್ಕ ಅಳಿಸಿದ ಮೇಲೆ ನಮ್ಮ ಮನೆಯಲ್ಲಿ ಅವು ಕಂಡ ಅತಿ ಹೆಚ್ಚಿನ ಬಿಸಿ ನಲವತ್ತನಾಲ್ಕು ಎಂದು ಅವುಗಳೊಳಗೇ ದಾಖಲಾಗಿತ್ತು.

ನಲವತ್ತನಾಲ್ಕು. ನಾನು ಬರೆದ ಅಂಕಿ.

ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ಅವರ ಬಾಯಲ್ಲಿ ಬಂದದ್ದು ಬೇರೆ. "ಪಾಪ, ಶಿವನಿಗೂ ಯಾರೋ ಮೋಸ ಮಾಡಿರ್ಬೇಕು ಕಣೆ." ಮೈಯೆಲ್ಲ ಉರಿದುಹೋಯಿತು. ನನ್ನನ್ನು ಅನುಮಾನಿಸಲು ಒಂದು ನಗು ಸಾಕಾಗಿತ್ತು, ಅವನನ್ನು ಅನುಮಾನಿಸಲು ಇಷ್ಟು ಸಾಕ್ಷಿಯೂ ಸಾಲಲಿಲ್ಲ.

ಲ್ಯಾಪ್‌ಟಾಪಿಗೆ ಪೆನ್ ಡ್ರೈವ್ ಹಾಕಿದರು. ಸಿಕ್ಕ ಫೋಟೊಗಳೆಲ್ಲ ಚೂರುಗಳು. ಅಮ್ಮನದೂ ಇತ್ತು. ಮೇಲೆ ಆಕಾಶ, ಅಣೆಕಟ್ಟಿನ ಗೋಡೆ, ಎಣ್ಣೆ ಹಚ್ಚಿ ಬಾಚಿದ ಬೈತಲೆ. ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ. ನಾನು ಪರದೆಯ ಮೇಲೆ ಕೈಯಿಟ್ಟು ಅತ್ತೆ.

ಕೊನೆಯಲ್ಲಿ ಒಂದು ವಿಡಿಯೊ ಇತ್ತು. ಡಿಸ್ಕಿನಲ್ಲಿ ನಮ್ಮ ಫೋಟೊ ತುಂಬದ ಜಾಗದಲ್ಲಿ ಹಳೆಯದು ಹಾಗೇ ಉಳಿದಿತ್ತು, ಯಾವುದೋ ಅಂಗಡಿಯ ಸಿ.ಸಿ. ಕ್ಯಾಮೆರಾದ್ದು. ಮೂಲೆಯಲ್ಲಿ ತಾರೀಕು, ನಾವು ಡಿಸ್ಕು ಕೊಳ್ಳುವುದಕ್ಕಿಂತ ಮೂರು ವರ್ಷ ಹಿಂದಿನದು. ಗಲ್ಲಾಪೆಟ್ಟಿಗೆ, ಬಾಗಿಲು, ಹೋಗಿ ಬರುವ ಜನ. ಆಮೇಲೆ ಒಬ್ಬ ಏಣಿ ತಂದು ಹತ್ತಿದ. ಕ್ಯಾಮೆರಾಕ್ಕೆ ಮುಖವಿಟ್ಟು ಉಫ್ ಎಂದು ಊದಿ, ಕೊರಳಿನ ಕರ್ಚೀಫಿನಿಂದ ಗಾಜು ಒರೆಸಿದ. ಒರೆಸಿದ ಮೇಲೆ ಮುಖ ಇನ್ನೂ ಚೆನ್ನಾಗಿ ಕಂಡಿತು. ಶಿವಕುಮಾರಪ್ಪ. ತಾನೇ ಕೂರಿಸಿದ ಕ್ಯಾಮೆರಾದ ಹಳೆಯ ಡಿಸ್ಕುಗಳನ್ನು ತಾನೇ ಬಿಚ್ಚಿ, ಹೊಸ ಲೇಬಲ್ ಅಂಟಿಸಿ, ನಿನಗೇ ಅಂತ ತರಿಸೀನಿ ಎಂದು ಗೆಳೆಯನಿಗೆ ಕೊಟ್ಟಿದ್ದ. ಅಲೆಯಬೇಡ ಎಂದದ್ದು ಯಾಕೆಂದು ಈಗ ತಿಳಿಯಿತು. ಅಷ್ಟು ಸಾವಿರ ಮುಖ ಹೋಗಿ ಉಳಿದದ್ದು ಅವನದೊಂದೇ.

ನಮ್ಮವರು ವಿಡಿಯೊ ನಿಲ್ಲಿಸಿದರು. "ತಪ್ಪಾತು ಸುಮಿತ್ರಾ. ನೀನು ಸರಿಯಾಗೇ ಬರೆದಿದ್ದೆ" ಎಂದರು.

"ಅದು ನನಗೆ ಮೊದ್ಲೇ ಗೊತ್ತಿತ್ತು ರೀ" ಎಂದೆ.

ಅಮ್ಮನ ಆಧಾರ್ ಕಾರ್ಡಿನ ಹೆಬ್ಬೆರಳಗಲದ ಚಿತ್ರವನ್ನೇ ಹಿಗ್ಗಿಸಲು ಅವರು ಸ್ಟುಡಿಯೊಗೆ ಹೊರಟರು. ಅದರ ಜೊತೆಗೆ ಏಣಿ ಹತ್ತಿದವನ ಮುಖವನ್ನೂ, ಮೂಲೆಯ ತಾರೀಕು ಬಿಡದೆ, ಅದೇ ಅಳತೆಯಲ್ಲಿ ತೆಗೆದು ತನ್ನಿ ಎಂದು ಹೇಳಿ ಕಳಿಸಿದೆ.

ಹನ್ನೊಂದನೇ ದಿನ ಶಿವಕುಮಾರಪ್ಪ ದಪ್ಪ ಸೇವಂತಿಗೆ ಹಾರ ಹಿಡಿದುಕೊಂಡು ಬಂದ. "ಬರ್ರಿ, ಕುಂತ್ಕಳ್ರಿ" ಎಂದು ದುರ್ಗೇಶ್ ಚಾಪೆ ಹಾಸಿದ. ಅವನು ಕೂರದೆ ಗೋಡೆ ನೋಡಿದ. ಆಧಾರಿನ ಅಮ್ಮ ನೀರಿನಲ್ಲಿ ನೆನೆದ ಕಾಗದದ ಹಾಗೆ ಮಸುಕು ಮಸುಕಾಗಿದ್ದಳು. "ಎಂಥಾ ಫೋಟೊ ಹಾಕಿದ್ಯಪ್ಪ ಮಾರುತಿ! ಇದಕ್ಕಿಂತ ಒಳ್ಳೇದು ಒಂದೂ ಸಿಗಲಿಲ್ವಾ?"

ನಾನು ಒಳಗಿನಿಂದ ಕವರು ತಂದೆ. "ಒಂದೇ ಒಂದು ಒಳ್ಳೇದು ಸಿಕ್ತು ಅಣ್ಣ. ಎತ್ತಪ್ಪನೋರು ತೆಗೆದುಕೊಟ್ರು, ನಿಮ್ಮ ಡಿಸ್ಕಿನಾಗೇ ಇತ್ತು" ಎಂದು ಅವನ ಕೈಗೆ ಕೊಟ್ಟೆ. ತೆಗೆದು ನೋಡಿದ. ಮೂಲೆಯ ತಾರೀಕನ್ನೂ ನೋಡಿದ. "ಹಾರ ನೀವೇ ತಂದೀರಿ, ತಗಂಡೋಗಿ ಹಾಕ್ಕಳ್ರಿ" ಎಂದೆ. ನೆಂಟರೆಲ್ಲ ತಿರುಗಿ ನೋಡುತ್ತಿದ್ದರು. ಅವನು ನಮ್ಮವರ ಕಡೆ ನೋಡಿದ, ಇವರು ತಲೆ ಎತ್ತಲಿಲ್ಲ. ಹಾರವನ್ನೂ ಫೋಟೊವನ್ನೂ ಹಿಡಿದುಕೊಂಡೇ ಮೆಟ್ಟಿಲಿಳಿದು ಹೋದ.

ಪೂಜೆಗೆ ಕರೆದರು. ಅಪ್ಪ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಬೆರಳಿಗೆ ಹಚ್ಚಿಕೊಂಡು ಗೋಡೆಯ ಹತ್ತಿರ ಹೋದೆ. ಹತ್ತಿರ ಹೋದಷ್ಟೂ ಅಮ್ಮ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತಿದ್ದಳು, ಹುಬ್ಬು ಎಲ್ಲಿ, ಹಣೆ ಎಲ್ಲಿ, ಒಂದೂ ತಿಳಿಯಲಿಲ್ಲ. ಕೊನೆಗೆ ಅಂದಾಜಿನ ಮೇಲೆ ಇಟ್ಟೆ.