‘ಆಗು’ ಎಂದರೆ ನಿಲ್ಲು

ಕಣ್ಣೆದುರಿಗೇ ಒಂದು ಟೆಂಪೊ ಮಗುಚಿದ ಮೇಲೆ ಸ್ಕೂಟರಿಗೆ ಹೊದಿಕೆ ಹಾಕಿಟ್ಟೆ. ನರಸಾಪುರದ ಕೆಲಸಕ್ಕೆ ಕಂಪನಿ ಬಸ್ಸಿತ್ತು, ಕೋಲಾರದ ಪೇಟೆಗೆ ಆಟೊ ಇತ್ತು. ಗಾಡಿ ಓಡಿಸುವುದೇನಿದ್ದರೂ ಟಿವಿಯ ಮುಂದೆ ಕುಳಿತು, ಕೈಯಲ್ಲಿ ಕಂಟ್ರೋಲರ್ ಹಿಡಿದು.

ಆ ವಿಡಿಯೊ ಆಟ ಮದುವೆಗೆ ಮುಂಚಿನಿಂದಲೂ ನನ್ನ ಜೊತೆಗಿದೆ. ಒಂದು ದೊಡ್ಡ ಪಟ್ಟಣ, ಅದರ ಸುತ್ತ ಬೆಟ್ಟ, ಸಮುದ್ರ, ಮರಳುಗಾಡು. ನಾಯಕ ಒಬ್ಬ ಕಳ್ಳ. ಕಾರು ಕದಿಯುವುದು, ಪೊಲೀಸರಿಂದ ತಪ್ಪಿಸಿಕೊಳ್ಳುವುದು ಅವನ ಕಸುಬು. ಅದನ್ನು ಬಿಟ್ಟು ಎಲ್ಲಿಗೆ ಬೇಕಾದರೂ ಹೋಗಬಹುದು ಎನ್ನುವುದೇ ಅದರ ದೊಡ್ಡ ಸೊಗಸು. ದೂರದಲ್ಲಿ ಕಂಡ ಬೆಟ್ಟವನ್ನು ನಿಜಕ್ಕೂ ಹತ್ತಬಹುದು. ಬಾಗಿಲುಗಳು ಮಾತ್ರ ಮೋಸ. ಮುಕ್ಕಾಲು ಪಾಲು ಗೋಡೆಯ ಮೇಲೆ ಬಿಡಿಸಿದ ಚಿತ್ರಗಳು.

ನಾನು ಮಾಲೂರಿನ ಕಡೆಯವನು. ಹೆಂಡತಿಯ ತವರು ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಗೆ ಹತ್ತಿರ. ಮನೆಯಲ್ಲಿ ಇಬ್ಬರದೂ ಕನ್ನಡ. ಗಾಬರಿಯಾದರೆ ಅವಳದು ತೆಲುಗು. ನಾನು ಆಡುವಾಗ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಲೋ ಬಟ್ಟೆ ಮಡಿಸುತ್ತಲೋ ಕೂರುತ್ತಾಳೆ. ಕಳ್ಳನ ಕಾರು ಗೋಡೆಯತ್ತ ನುಗ್ಗಿದರೆ, “ಆಗು! ಆಗು!” ಎಂದು ಕಿರುಚುತ್ತಾಳೆ. ತೆಲುಗಿನಲ್ಲಿ ಅದು ‘ನಿಲ್ಲು’. ನಾನು ಬೇಕೆಂದೇ ಅದನ್ನು ಕನ್ನಡವಾಗಿ ಕೇಳಿಸಿಕೊಳ್ಳುತ್ತಿದ್ದೆ.

“ಏನಾಗ್ಲಿ? ಡಾಕ್ಟ್ರಾಗ್ಲಾ, ಎಮ್ಮೆಲ್ಲೆ ಆಗ್ಲಾ?”

“ಮೊದ್ಲು ಮನುಷ್ಯ ಆಗಿ. ನಿಮ್ಗೆ ಹೇಳಿಲ್ಲ ರೀ, ಅವ್ನಿಗೆ ಹೇಳಿದ್ದು.”

ನನಗೆ ಬಹುವಚನ, ಕಳ್ಳನಿಗೆ ಏಕವಚನ. ಇಷ್ಟರಲ್ಲಿ ಕಾರು ಗೋಡೆಗೆ ಗುದ್ದಿರುತ್ತಿತ್ತು.

ಟೆಂಪೊ ಮಗುಚಿದ ದಿನ ಮಧ್ಯಾಹ್ನ ಅವಳ ತವರಿನಿಂದ ಸ್ಕೂಟರಿನಲ್ಲಿ ವಾಪಸ್ಸು ಬರುತ್ತಿದ್ದೆವು. ಮಾವಿನ ತೋಪುಗಳ ನಡುವೆ ಒಂದು ತಿರುವು. ನನ್ನ ಕಣ್ಣು ರಸ್ತೆಯ ಗುಂಡಿಗಳ ಮೇಲಿತ್ತು. ಹಿಂದಿನಿಂದ ನನ್ನ ಕಿವಿಯಲ್ಲೇ ಕೂಗು: “ಆಗು!” ಎರಡೂ ಬ್ರೇಕು ಬಿಗಿಯಾಗಿ ಹಿಡಿದೆ. ಎದುರಿನಿಂದ ಬಂದ ಟೆಂಪೊದ ಮೇಲೆ ಮಾವಿನಕಾಯಿಯ ಕ್ರೇಟುಗಳು ಒಂದು ಕಡೆ ವಾಲುತ್ತಿದ್ದುದು ಅವಳಿಗೆ ಮೊದಲೇ ಕಂಡಿತ್ತು. ನಾನು ತಲೆಯೆತ್ತುವಷ್ಟರಲ್ಲಿ ಅದು ಓಲಾಡಿ, ನಾವು ಇರಬೇಕಾಗಿದ್ದ ಜಾಗದಲ್ಲಿ ಅಡ್ಡ ಬಿತ್ತು. ತೋತಾಪುರಿ ಕಾಯಿಗಳು ಉರುಳಿ ಬಂದು ನನ್ನ ಚಪ್ಪಲಿಗೆ ತಾಗಿ ನಿಂತವು.

ಡ್ರೈವರ್ ಕಿಟಕಿಯಿಂದ ಹೊರಗೆ ಬಂದ. ಮೊಣಕೈ ತರಚಿತ್ತು. ಅವನೇ ನಮ್ಮನ್ನು ಕೇಳಿದ, “ಏಮೀ ಕಾಲೇದು ಕದಾ ಅಣ್ಣಾ?” ಏನೂ ಆಗಲಿಲ್ಲ ತಾನೆ, ಎಂದು. ನಾನು ಇಲ್ಲವೆಂದು ಕೈ ಆಡಿಸಿದೆ. ತೋಪಿನವರು ಓಡಿ ಬಂದು ಅವನ ಕೈಗೆ ಬಟ್ಟೆ ಕಟ್ಟಿದರು, ನಮಗೆ ನೀರು ಕೊಟ್ಟರು, ಆಮೇಲೆ ಕಾಯಿಗಳನ್ನು ಆರಿಸಿ ಮತ್ತೆ ಕ್ರೇಟಿಗೆ ತುಂಬಿದರು.

ಏನೂ ಆಗಲಿಲ್ಲ, ನಿಜ. ಆದರೆ ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕುಳಿತಾಗ, ಅದೇ ತಿರುವು ಮತ್ತೆ ಮತ್ತೆ ಬರುತ್ತದೆ. ಕೆಲವು ಸಲ ಅವಳು ಕೂಗುವುದೇ ಇಲ್ಲ. ಕೆಲವು ಸಲ ಕೂಗುತ್ತಾಳೆ, ನಾನು “ಏನಾಗ್ಲಿ?” ಎನ್ನುತ್ತೇನೆ.

ಆಟದ ಕೊರತೆಗಳು ನನಗೆ ಸರಿಯಾಗಿ ಕಂಡದ್ದು ಆಮೇಲೆಯೇ. ಅಲ್ಲಿ ಲಾರಿ ಮಗುಚಿದರೆ ಸರಕೆಲ್ಲ ಚೆಲ್ಲುತ್ತದೆ, ಒಮ್ಮೆ ಆಚೆ ನೋಡಿ ತಿರುಗಿದರೆ ರಸ್ತೆ ಚೊಕ್ಕಟ. ಸತ್ತ ಕಳ್ಳ ಇಸ್ತ್ರಿ ಮಾಡಿದ ಅಂಗಿಯಲ್ಲಿ ಆಸ್ಪತ್ರೆಯ ಮುಂದೆ ಎದ್ದು ನಿಲ್ಲುತ್ತಾನೆ. ದಾರಿಹೋಕರು ಗುದ್ದಿಸಿಕೊಂಡರೂ ಅದೇ ಬೈಗುಳ, ತಪ್ಪಿಸಿಕೊಂಡರೂ ಅದೇ ಬೈಗುಳ. ಯಾರೂ ನೀರು ತಂದು ಕೊಡುವುದಿಲ್ಲ. ಆಟ ನಮಗೆ ಒಪ್ಪಿಸುವ ಕೆಲಸಗಳೂ ಅಷ್ಟೆ, ಹೊಸ ಹೆಸರಿನ ಹಳೆಯ ಕಳ್ಳತನ.

ಆದರೂ ಅದೇ ಆಟ ನನ್ನನ್ನು ಮೆತ್ತಗೆ ಕೈಹಿಡಿದು ನಡೆಸಿತು. ಅದರಲ್ಲಿ ನಿಧಾನವಾಗಿ ಹೋಗಲೂಬಹುದು. ಯಾರೂ ಹಾರನ್ ಹೊಡೆದು ಅಟ್ಟುವುದಿಲ್ಲ. ಒಂದು ಹಳೇ ಬೈಕ್ ಹಿಡಿದು ಸಮುದ್ರದ ದಂಡೆಯಲ್ಲಿ ಸುಮ್ಮನೆ ಸುತ್ತುತ್ತಿದ್ದೆ. ಸಂಜೆಯ ಬಿಸಿಲು ನೀರಿನ ಮೇಲೆ ಬೀಳುವುದನ್ನು ಆ ಆಟ ಮಾಡಿದವರು ಯಾರೋ ಪ್ರೀತಿಯಿಂದ ನೋಡಿದ್ದರು. ತಿರುವು ಬಂದರೆ ಬ್ರೇಕು, ಕೆಂಪು ದೀಪ ಬಂದರೆ ನಿಲ್ಲುವುದು.

ಹೆಂಡತಿ ಬಿದ್ದು ಬಿದ್ದು ನಕ್ಕಳು. “ಕಳ್ಳ ಸಿಗ್ನಲ್‌ಗೆ ನಿಂತವ್ನೆ! ಹಿಂದೆ ಪೊಲೀಸ್ರು ಬಂದ್ರೆ ಲೈಸನ್ಸ್ ತೋರಿಸ್ತೀರಾ?”

ಮಾವಿನಕಾಯಿಯ ಕಾಲ ಮುಗಿಯುವುದರೊಳಗೆ ಅವಳು ತವರಿಗೆ ಹೋಗಿ ಉಪ್ಪಿನಕಾಯಿ ತರಬೇಕಿತ್ತು. ಬಸ್ಸಿನಲ್ಲಿ ಹೋಗೋಣ ಎಂದೆ.

“ಸ್ಕೂಟರಲ್ಲೇ ಹೋಗೋಣ ರೀ. ಈ ಸಲ ಬಸ್ ಹತ್ತಿದ್ರೆ ನೀವು ಇನ್ನ್ಯಾವತ್ತೂ ಗಾಡಿ ಮುಟ್ಟಲ್ಲ. ನಂಗೊತ್ತು.”

ನನಗೂ ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಹೊದಿಕೆ ತೆಗೆದೆ. ಪೇಟೆ ದಾಟುವವರೆಗೆ ಅವಳು ಊರಿನ ಸುದ್ದಿಯೆಲ್ಲ ಹೇಳುತ್ತಲೇ ಇದ್ದಳು. ತೋಪುಗಳು ಶುರುವಾದ ಮೇಲೆ ಮಾತು ನಿಲ್ಲಿಸಿ ನನ್ನ ಹೆಗಲ ಮೇಲೆ ಕೈ ಇಟ್ಟಳು. ತಿರುವು ಕಂಡಿತು. ಸ್ಕೂಟರನ್ನು ನಡಿಗೆಯ ವೇಗಕ್ಕೆ ಇಳಿಸಿದೆ.

“ಆಗಂಡಿ,” ಎಂದಳು ಮೆಲ್ಲಗೆ. ನಿಲ್ಲಿ, ಎಂದು, ತೆಲುಗಿನಲ್ಲೂ ಈಗ ಬಹುವಚನ.

ಪಕ್ಕಕ್ಕೆ ನಿಲ್ಲಿಸಿದೆ. ಮೋರಿಯ ಬಳಿ ಒಡೆದ ಕ್ರೇಟಿನ ಹಳದಿ ಚೂರೊಂದು ಇನ್ನೂ ಬಿದ್ದಿತ್ತು. ಎಷ್ಟೋ ಹೊತ್ತು ಅದನ್ನೇ ನೋಡಿದೆ. ಅದು ಮಾಯವಾಗಲಿಲ್ಲ, ಯಾಕೋ ಅದರಿಂದಲೇ ಸಮಾಧಾನವಾಯಿತು. ಎದುರಿನಿಂದ ಒಂದು ಟೆಂಪೊ ಬಂದು, ತನ್ನ ಪಾಡಿಗೆ ತಾನು ದಾಟಿ ಹೋಯಿತು.

“ಏನಾಗ್ಲಿ?” ಎಂದು ಕೇಳಿದೆ.

“ಏನೂ ಆಗ್ಬೇಡಿ. ಹಿಂಗೇ ಇರಿ,” ಎಂದು ಬೆನ್ನಿಗೆ ಗುದ್ದಿದಳು. “ನಡೀರಿ, ಅಮ್ಮ ಮುದ್ದೆ ಮಾಡ್ಕೊಂಡು ಕಾಯ್ತಿರ್ತಾಳೆ.”

ಸ್ಕೂಟರ್ ಶುರು ಮಾಡಿದೆ.