ಹೆಬ್ಬೆಟ್ಟಿನ ಬಿಸ್ಕತ್ತು

ಸರಸ್ವತಿ ನಗರದ ನಮ್ಮ ಪಕ್ಕದ ಮನೆಯ ಆಂಟಿಗೆ ಯಾವುದನ್ನೂ ಮುರಿದು ನೋಡದೆ ನಂಬಿಕೆ ಬರುತ್ತಿರಲಿಲ್ಲ. ನಾನು ಚಕ್ಕುಲಿ ಕೊಟ್ಟರೂ ಕಿವಿಯ ಹತ್ತಿರ ಹಿಡಿದು, “ತಡಿ, ಮುರ್ದು ನೋಡಾನ” ಎನ್ನುತ್ತ ಪಟ್ಟನೆ ಮುರಿಯುತ್ತಿದ್ದರು.

ದೀಪಾವಳಿಗೆ ನಮ್ಮ ಬೀದಿಯವರು ಬಿಸ್ಕತ್ತಿನ ಹಿಟ್ಟನ್ನು ಮನೆಯಲ್ಲೇ ಕಲಸಿ, ತಟ್ಟಿ, ಬೇಯಿಸಿಕೊಂಡು ಬರಲು ಬೇಕರಿಗೆ ಒಯ್ಯುತ್ತಾರೆ. ಭಟ್ಟಿಯಲ್ಲಿ ಅದಲುಬದಲಾಗದಿರಲೆಂದು ಮನೆಗೊಂದು ಗುರುತು. ಆಂಟಿಯದು ಹೆಬ್ಬೆಟ್ಟು, ಎದುರುಮನೆಯಾಕೆಯದು ಫೋರ್ಕಿನ ಗೀರು. ಚರಂಡಿ ನೀರಿನ ಜಗಳದಿಂದ ಆ ಇಬ್ಬರ ನಡುವೆ ಮಾತು ನಿಂತಿತ್ತು.

ಒಂದು ವರ್ಷ ಬೇಕರಿಯವನು ಬೆಂದ ಬಿಸ್ಕತ್ತು ತುಂಬಿಕೊಡುವಾಗ ಇಬ್ಬರ ಡಬ್ಬಿಗಳನ್ನೂ ಅದಲುಬದಲು ಮಾಡಿಬಿಟ್ಟ. ಆಂಟಿ ಮುಚ್ಚಳ ತೆಗೆದರೆ ಒಳಗೆಲ್ಲ ಗೀರು! ಸಿಟ್ಟಾಗುತ್ತಾರೆಂದುಕೊಂಡೆ. “ತಡಿ, ಮುರ್ದು ನೋಡಾನ” ಎಂದು ಒಂದನ್ನು ಮುರಿದು ತಿಂದರು. ಇನ್ನೊಂದನ್ನೂ ತಿಂದರು.

“ಜಾಜಿಕಾಯಿ ಹಾಕ್ಯಾಳೆ. ಎಷ್ಟು ಹಾಕಿದ್ಲೋ ಕೇಳ್ಬೇಕಲ್ಲ!”

ಸೆರಗು ಸರಿಮಾಡಿಕೊಂಡು, ಡಬ್ಬಿ ಸಮೇತ ರಸ್ತೆ ದಾಟಿಯೇ ಬಿಟ್ಟರು. ಎದುರುಮನೆಯಾಕೆ ಬಾಗಿಲು ತೆರೆದು “ಬರ್ರಿ, ಕೂಡ್ರಿ” ಎಂದದ್ದು ನಮ್ಮ ಗೇಟಿನವರೆಗೂ ಕೇಳಿಸಿತು.

ಮುಂದಿನ ಮಳೆಗಾಲದಲ್ಲಿ ಚರಂಡಿ ಕಟ್ಟಿಕೊಂಡಿತು. ಮತ್ತೆ ಮಾತು ನಿಂತಿತು.

ದೀಪಾವಳಿ ಬಂತು. ಆಂಟಿಯ ಅಡುಗೆಮನೆಗೆ ಹೋದರೆ, ತಟ್ಟೆಯ ತುಂಬ ಫೋರ್ಕಿನಿಂದ ಗೀರು ಎಳೆಯುತ್ತ ಕೂತಿದ್ದಾರೆ.

“ಆಂಟಿ, ಇದು ಎದುರುಮನೆ ಗುರುತಲ್ವೇನ್ರಿ? ಮತ್ತೆ ಡಬ್ಬಿ ಅದಲುಬದಲಾಗ್ತೈತೆ.”

“ಆದ್ರೆ ಆಗ್ಲಿ ಬಿಡು” ಎಂದವರು ತಲೆ ಎತ್ತಲಿಲ್ಲ.

ಅವರ ತಟ್ಟೆ ಹೊತ್ತು ನಾನೇ ಬೇಕರಿಗೆ ಹೋದೆ. ಎದುರುಮನೆಯ ತಟ್ಟೆ ಆಗಲೇ ಬಂದಿತ್ತು. ಬಟ್ಟೆ ಸರಿಸಿ ನೋಡಿದೆ. ಪ್ರತಿ ಬಿಸ್ಕತ್ತಿನ ಮೇಲೂ ಹೆಬ್ಬೆಟ್ಟು.